ರೀಟ್: ನಿವ್ವಳ ಮೌಲ್ಯವೂ ಕೈಸೇರುವ ಹಣವೂ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳ ವರ್ತಕರಲ್ಲಿ ಉಳಿತಾಯವನ್ನು ನಿವೇಶನದಲ್ಲಿ ತೊಡಗಿಸುವ ರೂಢಿಯುಂಟು. ಖಾಲಿ ನಿವೇಶನದ ಬೆಲೆ ಏರಬಹುದು. ಆದರೆ ಅದು ಬಾಡಿಗೆ ತಾರದು, ತುರ್ತಿಗೆ ಅದರ ಒಂದು ಮೂಲೆಯನ್ನಷ್ಟೇ ಮಾರಲಾಗದು.

ಇದಕ್ಕೆ ಪರ್ಯಾಯವಾದ ರಿಯಲ್ ಎಸ್ಟೇಟ್ ಹೂಡಿಕೆ ಟ್ರಸ್ಟ್, ಅಂದರೆ ರೀಟ್‌ಗಳಿಗೆ ಸೆಬಿಯು 2014ರಲ್ಲಿ ನಿಯಮಗಳನ್ನು ರೂಪಿಸಿತು. ದೇಶದ ಮೊದಲ ರೀಟ್, ಬೆಂಗಳೂರಿನ ಎಂಬೆಸಿ ಆಫೀಸ್ ಪಾರ್ಕ್ಸ್, ಯೂನಿಟ್‌ಗೆ 300 ರೂ.ನಂತೆ 4,750 ಕೋಟಿ ರೂ. ಸಂಗ್ರಹಿಸಿ 2019ರ ಏಪ್ರಿಲ್‌ನಲ್ಲಿ ಷೇರುಪೇಟೆ ಪ್ರವೇಶಿಸಿತು.

ಆಸ್ತಿಗಳ ಮೌಲ್ಯದಿಂದ ಹೊಣೆಗಳನ್ನು ಕಳೆದು ಯೂನಿಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ದೊರೆಯುವುದೇ ನಿವ್ವಳ ಆಸ್ತಿ ಮೌಲ್ಯ. ಇದು ಮೌಲ್ಯಮಾಪಕರ ಅಂದಾಜನ್ನು ಆಧರಿಸಿದ್ದು; ಪೇಟೆಯ ದರ ಇದಕ್ಕಿಂತ ಕಡಿಮೆಯೂ ಇರಬಹುದು. ಹಂಚಲರ್ಹ ನಿವ್ವಳ ನಗದಿನ ಕನಿಷ್ಠ ಶೇ. 90ರಷ್ಟನ್ನು ಹಂಚುವುದು ಕಡ್ಡಾಯ. ನಿವ್ವಳ ಸಾಲವು ಆಸ್ತಿ ಮೌಲ್ಯದ ಶೇ. 49ನ್ನು ಮೀರುವಂತಿಲ್ಲ.

ಹೂಡುವ ಮುನ್ನ ಕಟ್ಟಡಗಳ ಭರ್ತಿ ಪ್ರಮಾಣ, ಗುತ್ತಿಗೆಯ ಉಳಿದ ಅವಧಿ, ಸಾಲದ ಬಡ್ಡಿ ಇವನ್ನು ಪರಿಶೀಲಿಸುವುದು ಅವಶ್ಯ. ಕಟ್ಟಡ ಖಾಲಿಯಾದರೆ ಶೇ. 90ರ ಪಾಲೂ ಅಲ್ಪವೇ.