ನೊರೆಹಾಲು ಕುಡಿಯುವ ಮುನ್ನ

ಕೆಲವು ವರ್ಷಗಳ ಹಿಂದೆ ಕರಡಿಧಾಮ ನೋಡಲೆಂದು ದರೋಜಿಗೆ ಹೋಗಿದ್ದೆ. ಕೆರೆಯ ಸಮೀಪ ಮಂದೆ ತರುಬಿದ್ದ ಕುರಿಗಾಹಿಯೊಬ್ಬರು ಆಗಷ್ಟೇ ಕರೆದ ಮೇಕೆಯ ನೊರೆಹಾಲನ್ನು ತಂಬಿಗೆಯಲ್ಲಿ ತಂದು ಮುಂದಿಟ್ಟರು. ಬೇಡವೆನ್ನುವುದು ಅವರ ಆದರಕ್ಕೆ ಮಾಡುವ ಅಪಚಾರ. ‘ಒಮ್ಮೆ ಉಕ್ಕಿಸಿ ಕೊಡಿ’ ಎಂದೆ. ಅವರು ನಕ್ಕು ಮೂರು ಕಲ್ಲಿನ ಒಲೆ ಹೊತ್ತಿಸಿದರು.

ಹಾಲು ಕಾಯುತ್ತಿರುವಾಗ ತಮ್ಮನ್ನು ತಿಂಗಳುಗಟ್ಟಲೆ ಕಾಡಿದ ಜ್ವರದ ಮಾತು ತೆಗೆದರು. ಸಂಜೆಗೆ ಏರುವುದು, ಬೆವರಿ ಇಳಿಯುವುದು, ಕೀಲುಕೀಲಿನಲ್ಲಿ ನೋವು. ಮಲೇರಿಯಾ, ಟೈಫಾಯ್ಡ್ ಎಂದು ಔಷಧಿಯೂ ಆಗಿತ್ತು. ಅದಕ್ಕೆ ಮುನ್ನ ಮಂದೆಯ ಕೆಲವು ಮೇಕೆಗಳು ಕಂದು ಹಾಕಿದ್ದವಂತೆ. ಎರಡಕ್ಕೂ ನಂಟಿರಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಅದು ಯಾವ ಜ್ವರವೆಂಬುದನ್ನು ರಕ್ತಪರೀಕ್ಷೆಯೇ ಹೇಳಬೇಕು. ಆದರೆ ಕಂದುರೋಗ, ಅಂದರೆ ಬ್ರುಸೆಲ್ಲೋಸಿಸ್, ಮನುಷ್ಯರನ್ನು ಕಾಡುವ ಬಗೆ ಇದೇ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಇದರ ರೋಗಾಣುವನ್ನು ಗುರುತಿಸಿದರು. ಅದು ಮೇಕೆಗಳಲ್ಲಿ ಅಡಗಿದೆಯೆಂದು 1905ರಲ್ಲಿ ತೆಮಿಸ್ಟೊಕ್ಲೆಸ್ ಝಮ್ಮಿಟ್ ತೋರಿಸಿದರು. ಮರುವರ್ಷ ಅಲ್ಲಿನ ಸೈನಿಕರಿಗೆ ಮೇಕೆಯ ಹಸಿಹಾಲು ನಿಲ್ಲಿಸಿದೊಡನೆ ಜ್ವರದ ಹಾವಳಿ ತಗ್ಗಿತು. ಕ್ಷಯ, ಸಾಲ್ಮೊನೆಲ್ಲಾ, ಲಿಸ್ಟೀರಿಯಾಗಳೂ ಹಸಿಹಾಲಿನ ಮೂಲಕ ಬರಬಲ್ಲವು. ಗರ್ಭಿಣಿಯರು ಮತ್ತು ಮಕ್ಕಳಿಗೆ ಅಪಾಯ ಹೆಚ್ಚು.

ಇಷ್ಟು ತಿಳಿದ ಮೇಲೂ ನಗರಗಳ ಸುಶಿಕ್ಷಿತರಲ್ಲಿ ‘ಕಾಯಿಸದ, ಸಹಜ’ ಹಾಲಿನ ಮೋಹ ಬೆಳೆಯುತ್ತಿದೆ. 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಕಾಯಿಸಿ ತಣಿಸುವ ಪಾಶ್ಚರೀಕರಣದಿಂದ ಹಾಲಿನ ಪ್ರೋಟೀನು, ಕ್ಯಾಲ್ಸಿಯಂ ನಾಶವಾಗುವುದಿಲ್ಲ, ರೋಗಾಣುಗಳು ಸಾಯುತ್ತವೆ. ಮನೆಯಲ್ಲಿ ಹಾಲನ್ನು ಒಮ್ಮೆ ಉಕ್ಕಿಸಿದರೂ ಅದೇ ಫಲ. ಅಷ್ಟು ಶ್ರಮ ಉಳಿಸಲು ಹೋಗಿ ರೋಗ ಬಂದರೆ ಕನಿಷ್ಠ 6 ವಾರ ಎರಡು ಬಗೆಯ ಪ್ರತಿಜೀವಕ ನುಂಗಬೇಕು.

ಹಾಲು ಉಕ್ಕಿಸಿದರೆ ಕುಡಿಯುವವರು ಪಾರಾಗುತ್ತಾರೆ, ಕರೆಯುವವರಲ್ಲ. ಕಂದು ಹಾಕಿದ ಮೇಕೆಯ ಸತ್ತೆಯನ್ನು ಬರಿಗೈಯಲ್ಲಿ ಎತ್ತಿದರೂ ಸೋಂಕು ತಗಲುತ್ತದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಕಂದುರೋಗದ ಲಸಿಕೆಯಿದೆ. ಕುರಿ, ಮೇಕೆಗಳನ್ನೇ ನಂಬಿದವರಿಗೆ ಇದರಿಂದ ಆಸರೆ ಸಿಗದು. ಪಶುವೈದ್ಯರು ಮಂದೆಯನ್ನು ಪರೀಕ್ಷಿಸುವಾಗ ಕುರಿಗಾಹಿಯ ಜ್ವರವನ್ನೂ ವಿಚಾರಿಸಬೇಕು. ಜ್ವರಕ್ಕೆ ಔಷಧಿ ಬರೆಯುವ ವೈದ್ಯರು ಮಂದೆಯನ್ನೂ ವಿಚಾರಿಸಬೇಕು.

ಅಂದು ಕಾದ ಹಾಲನ್ನು ಎಲ್ಲರೂ ಹಂಚಿಕೊಂಡೆವು. ರುಚಿಯೇನೂ ಕೆಟ್ಟಿರಲಿಲ್ಲ. ಹೊರಡುವಾಗ, ರಕ್ತಪರೀಕ್ಷೆ ಮಾಡಿಸಿಕೊಳ್ಳಿ ಎಂದೆ. ‘ಅಲ್ಲೀತನಕ ಕುರಿ ಯಾರು ಕಾಯ್ತಾರ್ರೀ?’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.