ವಿಳಾಸವಿಲ್ಲದ ಸ್ಮೃತಿ

ಬಳ್ಳಾರಿಯ ಪ್ರಧಾನ ಅಂಚೆ ಕಚೇರಿಯ ಪಿನ್ ಸಂಖ್ಯೆ ೫೮೩೧೦೧, ಕುರುಗೋಡಿನದು ೫೮೩೧೧೬, ಸಿರುಗುಪ್ಪದ್ದು ೫೮೩೧೨೧. ಮೂರರಲ್ಲಿಯೂ ಮೊದಲ ಮೂರು ಅಂಕಿಗಳು ಒಂದೇ ಆಗಿವೆ. ಕಚೇರಿಗಳನ್ನು ಬೇರ್ಪಡಿಸುವುದು ಕೊನೆಯ ಮೂರು ಅಂಕಿಗಳ ಕೆಲಸ. ಮೂರು ಅಂಕಿಗಳಿಂದ ೦೦೦ ಮೊದಲ್ಗೊಂಡು ೯೯೯ರವರೆಗೆ ಒಂದು ಸಾವಿರ ಸಂಖ್ಯೆಗಳನ್ನು ಬರೆಯಬಹುದು. ಅದಕ್ಕಿಂತ ಒಂದೂ ಹೆಚ್ಚಿಲ್ಲ. ಸಾವಿರದ ಒಂದನೆಯ ಕಚೇರಿಯನ್ನು ಕಟ್ಟಿದರೆ ಕಟ್ಟಡವೇನೋ ನಿಂತೀತು. ಅದಕ್ಕೆ ಪ್ರತ್ಯೇಕವಾದ ಸಂಖ್ಯೆ ದೊರೆಯದು. ಹಳೆಯ ಗಣಕಯಂತ್ರಗಳನ್ನು ಕಾಡಿದ ಕೊರತೆಯೂ ಇದೇ ಬಗೆಯದು.

ಗಣಕಯಂತ್ರದ ಸ್ಮೃತಿ, ಎಂದರೆ ಮೆಮೊರಿ, ಸಾಲಾಗಿ ಜೋಡಿಸಿದ ಕೋಶಗಳ ಸಮೂಹ. ಪ್ರತಿ ಕೋಶದಲ್ಲಿಯೂ ಎಂಟು ಬಿಟ್‌ಗಳ ಒಂದು ಬೈಟ್ ಹಿಡಿಸುತ್ತದೆ. ಪ್ರತಿಯೊಂದಕ್ಕೂ ಒಂದು ಸಂಖ್ಯೆಯುಂಟು. ಅದೇ ಅದರ ವಿಳಾಸ. ಯಾವುದಾದರೊಂದು ಕೋಶ ಬೇಕಾದಾಗ ಪ್ರೊಸೆಸರ್ ಅದರ ವಿಳಾಸವನ್ನು ತಂತಿಗಳ ಮೂಲಕ ಕಳುಹಿಸುತ್ತದೆ. ತಂತಿಯಲ್ಲಿ ವಿದ್ಯುತ್ ವಿಭವ ಹೆಚ್ಚಾಗಿರಬೇಕು, ಇಲ್ಲವೇ ಕಡಿಮೆಯಾಗಿರಬೇಕು. ಮೂರನೆಯ ಸ್ಥಿತಿ ವಿಳಾಸದಲ್ಲಿ ಎಣಿಕೆಗೆ ಬಾರದು. ಆದುದರಿಂದ ಒಂದು ತಂತಿಯಿಂದ ಎರಡು ವಿಳಾಸ, ಎರಡರಿಂದ ನಾಲ್ಕು, ಮೂರರಿಂದ ಎಂಟು. ತಂತಿಯೊಂದು ಹೆಚ್ಚಿದಂತೆಲ್ಲ ವಿಳಾಸಗಳು ಇಮ್ಮಡಿಯಾಗುತ್ತವೆ.

೧೯೭೬ರಲ್ಲಿ ಹೊರಬಂದ ಇಂಟೆಲ್ ೮೦೮೫ ಪ್ರೊಸೆಸರಿಗೆ ಇಂಥ ತಂತಿಗಳು ೧೬. ನಮ್ಮ ಕಾಲೇಜುಗಳ ಎಲೆಕ್ಟ್ರಾನಿಕ್ಸ್ ಪ್ರಯೋಗಶಾಲೆಗಳಲ್ಲಿ ಎಷ್ಟೋ ವಿದ್ಯಾರ್ಥಿಗಳು ಮೊದಲ ಪಾಠ ಕಲಿತದ್ದು ಇದರ ಮೇಲೆಯೇ. ೨ನ್ನು ೧೬ ಬಾರಿ ಗುಣಿಸಿದರೆ ೬೫,೫೩೬. ಯೂನಿಕೋಡ್‌ನ ಯುಟಿಎಫ್-೮ ಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. ಹಾಗಾಗಿ ಈ ಸ್ಮೃತಿಯನ್ನೆಲ್ಲ ಬಳಸಿದರೂ ಸುಮಾರು ೨೧,೮೦೦ ಚಿಹ್ನೆಗಳಷ್ಟೇ ಹಿಡಿಸಿಯಾವು.

೧೯೭೮ರ ೮೦೮೬ಕ್ಕೆ ೨೦ ತಂತಿಗಳು, ವಿಳಾಸಗಳು ೧೦,೪೮,೫೭೬. ಆದರೆ ಅದರೊಳಗಿನ ಸಂಖ್ಯಾಧಾರಕಗಳಲ್ಲಿ ೧೬ ಬಿಟ್‌ಗಳಿಗಷ್ಟೇ ಸ್ಥಳವಿತ್ತು. ೨೦ ಬಿಟ್‌ಗಳ ವಿಳಾಸವನ್ನು ಅದು ಹೇಗೆ ಹೇಳಬೇಕು? ಇದಕ್ಕೆ ಒಂದು ಉಪಾಯ ಹೂಡಿದರು. ಎರಡು ಸಂಖ್ಯೆಗಳನ್ನು ತೆಗೆದುಕೊಂಡು, ಮೊದಲನೆಯದನ್ನು ೧೬ರಿಂದ ಗುಣಿಸಿ ಎರಡನೆಯದನ್ನು ಕೂಡಿಸುವುದು. ಮೊದಲನೆಯದು ೧೦೦೦, ಎರಡನೆಯದು ೫ ಆದರೆ ವಿಳಾಸ ೧೬,೦೦೫. ಆದರೆ ೯೯೯ ಮತ್ತು ೨೧ರಿಂದಲೂ ಅದೇ ೧೬,೦೦೫ ಬರುತ್ತದೆ. ಲೆಕ್ಕ ಹಾಕಿ ನೋಡಿ. ಒಂದೇ ಮನೆಗೆ ಹಲವು ವಿಳಾಸಗಳಾದುವು!

೧೯೮೧ರ ಐಬಿಎಂ ಗಣಕದಲ್ಲಿದ್ದ ೮೦೮೮ ಪ್ರೊಸೆಸರಿನದೂ ಇದೇ ಕ್ರಮ. ಈ ಹತ್ತು ಲಕ್ಷ ಚಿಲ್ಲರೆ ವಿಳಾಸಗಳಲ್ಲಿ ೬೪೦ ಕಿಲೋಬೈಟ್ ಪ್ರೋಗ್ರಾಮುಗಳಿಗೆ ಸಂದಿತು. ಉಳಿದುದು ಪರದೆ ಮೊದಲಾದ ಸಾಧನಗಳ ಪಾಲಾಯಿತು. ಅಂದು ಧಾರಾಳವೆನಿಸಿದ ಆ ೬೪೦ ಕೆಲವೇ ವರ್ಷಗಳಲ್ಲಿ ಸಾಲದಾಯಿತು. ೧೯೮೫ರ ೮೦೩೮೬ ಬಂದು ೩೨ ಬಿಟ್‌ಗಳ ವಿಳಾಸವನ್ನು ಒದಗಿಸಿತು. ಸುಮಾರು ೪೨೯ ಕೋಟಿ ವಿಳಾಸಗಳು, ಎಂದರೆ ೪ ಗಿಗಾಬೈಟ್! ಇಪ್ಪತ್ತು ವರ್ಷ ಕಳೆಯುವುದರಲ್ಲಿ ಇದೂ ಗೋಡೆಯಾಗಿ ನಿಂತಿತು.

ಈ ಗೋಡೆ ಪುಸ್ತಕದ ವಿಷಯ ಮಾತ್ರವಲ್ಲ. ಸಿರುಗುಪ್ಪದಲ್ಲಿಯೋ ಕುರುಗೋಡಿನಲ್ಲಿಯೋ ವಿದ್ಯಾರ್ಥಿಯೊಬ್ಬನು ಬಳಸಿದ ಗಣಕವನ್ನು ಅಗ್ಗಕ್ಕೆ ಕೊಂಡನೆನ್ನೋಣ. ಅದು ನಿಧಾನವೆಂದು ಹಣ ಕೂಡಿಟ್ಟು, ಬಳ್ಳಾರಿಗೆ ಹೋಗಿ, ೮ ಗಿಗಾಬೈಟ್ ಸ್ಮೃತಿಯನ್ನು ಹಾಕಿಸುತ್ತಾನೆ. ಗಣಕದಲ್ಲಿರುವುದು ಸಾಮಾನ್ಯವಾದ ೩೨ ಬಿಟ್ ವಿಂಡೋಸ್ ಆಗಿದ್ದರೆ, ಬಳಕೆಗೆ ಸಿಗುವುದು ೪ಕ್ಕಿಂತಲೂ ಕಡಿಮೆ. ಏಕೆಂದರೆ ಆ ನಾಲ್ಕರೊಳಗೇ ಇತರ ಸಾಧನಗಳೂ ತಮ್ಮ ವಿಳಾಸಗಳನ್ನು ಪಡೆಯಬೇಕು. ಉಳಿದ ಕೋಶಗಳಿಗೆ ದೋಷವೇನೂ ಇಲ್ಲ. ಅವನ್ನು ಕರೆಯಲು ಹೆಸರಿಲ್ಲ, ಅಷ್ಟೆ. ಕೂಡಿಟ್ಟ ಹಣ ಮಾತ್ರ ವ್ಯರ್ಥ.

ಅಡ್ಡಿ ಯಾವಾಗಲೂ ಪ್ರೊಸೆಸರಿನಲ್ಲೇ ಇರಬೇಕೆಂದಿಲ್ಲ. ೧೯೯೫ರ ಪೆಂಟಿಯಂ ಪ್ರೊ ೩೬ ಬಿಟ್‌ಗಳ ವಿಳಾಸದಿಂದ ೬೪ ಗಿಗಾಬೈಟ್‌ವರೆಗೂ ಮುಟ್ಟಬಲ್ಲದಾಗಿತ್ತು. ಆದರೆ ಮನೆಬಳಕೆಯ ೩೨ ಬಿಟ್ ವಿಂಡೋಸ್ ನಾಲ್ಕರ ಎಲ್ಲೆಯನ್ನು ದಾಟಲಿಲ್ಲ. ೨೦೦೩ರಲ್ಲಿ ಎಎಂಡಿ ಸಂಸ್ಥೆಯ ಆಪ್ಟರಾನ್ ೬೪ ಬಿಟ್‌ಗಳ ಮಾರ್ಗವನ್ನು ತೆರೆಯಿತು. ಅದರಲ್ಲಿಯೂ ಸ್ಮೃತಿಯ ವಿಳಾಸಕ್ಕೆ ಬಳಸಿದ ಬಿಟ್‌ಗಳು ೪೦ ಮಾತ್ರ. ಅಷ್ಟಕ್ಕೇ ಒಂದು ಟೆರಾಬೈಟ್ ಆಯಿತು.

ಆದುದರಿಂದ ಹಳೆಯ ಗಣಕಕ್ಕೆ ಸ್ಮೃತಿಯನ್ನು ಕೊಳ್ಳುವ ಮೊದಲು ಮೂರು ಸಂಗತಿಗಳನ್ನು ವಿಚಾರಿಸಬೇಕು: ಪ್ರೊಸೆಸರ್ ಎಷ್ಟು ಬಿಟ್‌ಗಳದು, ಆಪರೇಟಿಂಗ್ ಸಿಸ್ಟಂ ಎಷ್ಟು ಬಿಟ್‌ಗಳದು, ಮದರ್‌ಬೋರ್ಡ್ ಎಷ್ಟು ಸ್ಮೃತಿಯನ್ನು ಒಪ್ಪುತ್ತದೆ. ಪ್ರೊಸೆಸರ್ ೬೪ ಬಿಟ್‌ಗಳದಾಗಿದ್ದು ಮದರ್‌ಬೋರ್ಡೂ ಒಪ್ಪುವುದಾದರೆ, ಆಪರೇಟಿಂಗ್ ಸಿಸ್ಟಂ ಒಂದನ್ನು ಬದಲಿಸಿದರೆ ಸಾಕು; ಅದುವರೆಗೆ ಸುಮ್ಮನೆ ಬಿದ್ದಿದ್ದ ಕೋಶಗಳು ಕೆಲಸಕ್ಕೆ ಬಂದಾವು.