ಕೂಲರ್ ಎಂದಾಕ್ಷಣ ತಂಪಲ್ಲ

ಕಲಬುರಗಿಯಲ್ಲಿ ಓದುತ್ತಿರುವ ಸೋದರಳಿಯ ಹೊಸ ಕಂಪ್ಯೂಟರ್ ಅಸೆಂಬಲ್ ಮಾಡಿಸುತ್ತಿದ್ದಾನೆ. ಮೊನ್ನೆ ಫೋನ್ ಮಾಡಿ, “ಮಾಮಾ, ಲಿಕ್ವಿಡ್ ಕೂಲರ್ ಹಾಕಿಸಿದ್ರ ಬ್ಯಾಸಗ್ಯಾಗ ರೂಮೂ ತಂಪ ಇರ್ತದಂತ್ರಿ” ಅಂದ. ಹೇಳಿದ್ದು ಅಂಗಡಿಯವನು. ಈ ಮಾತು ಕೇಳಿ ಕೇಳಿ ನನ್ನ ತಲೆಯೇ ಬಿಸಿಯಾಗಿದೆ.

ಎಡವಟ್ಟು ಎಲ್ಲಿ ಹುಟ್ಟಿತೆಂದು ಊಹಿಸಬಲ್ಲೆ. ಆ ಕಡೆಯ ಮನೆಗಳ ಕಿಟಕಿಗೆ ಕೂಲರ್ ಇರುತ್ತದೆ. ಹುಲ್ಲಿನ ಪ್ಯಾಡ್ ಮೇಲೆ ನೀರು ಇಳಿಯುತ್ತದೆ, ಗಾಳಿ ತಣ್ಣಗೆ ಬರುತ್ತದೆ. ಮಣ್ಣಿನ ಮಡಕೆಯ ಗುಟ್ಟೂ ಅದೇ: ನೀರು ಆವಿಯಾಗುತ್ತಾ ಶಾಖ ಹೊತ್ತೊಯ್ಯುತ್ತದೆ. ಕಂಪ್ಯೂಟರಿನ ಲಿಕ್ವಿಡ್ ಕೂಲರ್ ಹಾಗಲ್ಲ. ಅದು ಸೀಲ್ ಮಾಡಿದ ಕೊಳವೆ. ಪ್ರೊಸೆಸರಿನ ಬಿಸಿಯನ್ನು ಪಂಪು ರೇಡಿಯೇಟರ್‌ಗೆ ಸಾಗಿಸುತ್ತದೆ, ಅಲ್ಲಿಂದ ಫ್ಯಾನು ಕೋಣೆಯೊಳಕ್ಕೇ ಊದುತ್ತದೆ. ಕೋಣೆ 38 ಡಿಗ್ರಿ ಇದ್ದರೆ, ಎಷ್ಟು ದುಡ್ಡು ಸುರಿದರೂ ಚಿಪ್ 38ಕ್ಕಿಂತ ಕೆಳಗಿಳಿಯದು. 120 ವ್ಯಾಟ್ ಕುಡಿಯುವ ಚಿಪ್ ಅಷ್ಟೂ ಶಾಖವನ್ನು ಕೋಣೆಗೆ ಬಿಟ್ಟೇ ಬಿಡುತ್ತದೆ. 60 ವ್ಯಾಟಿನ ಹಳೇ ಬುರುಡೆ ಬಲ್ಬು ಎರಡು ಉರಿಸಿಟ್ಟ ಹಾಗೆ.

ತಮಾಷೆಯೆಂದರೆ, ಲಿಕ್ವಿಡ್ ಕೂಲರ್ ಹೊಗಳುವವರು ಮೂಗು ಮುರಿಯುವ, ಪ್ರೊಸೆಸರಿನ ಮೇಲೆ ಕೂರುವ ಏರ್ ಕೂಲರ್‌ನೊಳಗೇ ನೀರು ಆವಿಯಾಗುವುದು! ಅದರ ತಾಮ್ರದ ಹೀಟ್ ಪೈಪುಗಳು ಸಲಾಕೆಗಳಲ್ಲ, ಟೊಳ್ಳು. ಗಾಳಿ ತೆಗೆದು ಚೂರೇ ಚೂರು ನೀರು ತುಂಬಿರುತ್ತಾರೆ. ಅದು ಬುಡದಲ್ಲಿ ಆವಿಯಾಗಿ, ರೆಕ್ಕೆಗಳ ಕಡೆ ಹೋಗಿ ನೀರಾಗಿ, ಒಳಗೋಡೆಯ ಬತ್ತಿಯಂಥ ಪದರದಲ್ಲಿ ಹಿಂದಕ್ಕೆ ಹರಿಯುತ್ತದೆ. ಪಂಪಿನ ಗೊಡವೆಯೇ ಇಲ್ಲ. ಆದರೆ ಇದೂ ಮುಚ್ಚಿದ ಕೊಳವೆ. ಕೋಣೆಗಿಂತ ತಂಪು ಇದೂ ಮಾಡದು.

ಇನ್ನುಳಿದವು ಚಿಲ್ಲರೆ. ಲಿಕ್ವಿಡ್ ಕೂಲರ್ ಸದ್ದೇ ಮಾಡದು ಎನ್ನುತ್ತಾರೆ. ಅದಕ್ಕೂ ಫ್ಯಾನುಗಳಿವೆ, ಮೇಲೊಂದು ಪಂಪು ಬೇರೆ. 95 ಡಿಗ್ರಿ ಕಂಡರೆ ಚಿಪ್ ಸುಟ್ಟಿತೆಂದು ಗಾಬರಿಯಾಗುವವರಿಗೆ ಹೇಳಬೇಕು, ರೈಜನ್ 7000 ಸರಣಿಯ ಹಲವು ಚಿಪ್‌ಗಳನ್ನು ಭಾರೀ ಕೆಲಸದಲ್ಲಿ ಅಲ್ಲಿಯವರೆಗೆ ಏರಲೆಂದೇ ರೂಪಿಸಿದ್ದಾರೆ. 253 ವ್ಯಾಟ್‌ವರೆಗೆ ಎಳೆಯುವ ಕೋರ್ ಐ9-14900ಕೆ ತಗೊಂಡು ದಿನವಿಡೀ ವಿಡಿಯೊ ರೆಂಡರ್ ಮಾಡುವವರು 360 ಮಿ.ಮೀ. ರೇಡಿಯೇಟರ್ ಹಾಕಿಸಿಕೊಳ್ಳಲಿ, ನನ್ನ ತಕರಾರಿಲ್ಲ.

ಸಂತೆಯಲ್ಲಿ ಎತ್ತಿನ ಬಾಯಿ ತೆರೆಸಿ ಹಲ್ಲು ನೋಡಿ ಕೊಳ್ಳುತ್ತಿದ್ದ ಜನ ನಾವು. ಈಗ ಗಾಜಿನ ಹಿಂದೆ ಬಣ್ಣದ ಲೈಟು ಹೊಳೆದರೆ ಸಾಕು, ನಮ್ಮ ಬಾಯಿಯೇ ತೆರೆದುಕೊಳ್ಳುತ್ತದೆ. “ಆ ಬಿಸಿ ಎಲ್ಲಿಗೆ ಹೋಗುತ್ತದಪ್ಪ?” ಎಂದು ಅಂಗಡಿಯವನನ್ನು ಒಬ್ಬರೂ ಕೇಳುವುದಿಲ್ಲ.

ಅಳಿಯ ಆರಿಸಿಕೊಂಡಿರುವುದು ರೈಜನ್ 5 5600, ಬರೀ 65 ವ್ಯಾಟಿನದು. ಡಬ್ಬದಲ್ಲೇ ಬರುವ ಕೂಲರ್ ಸಾಕು, ಸದ್ದು ಕಿರಿಕಿರಿಯಾದರೆ ಹೀಟ್ ಪೈಪಿನ ಸಾಧಾರಣ ಟವರ್ ಕೂಲರ್ ಹಾಕಿಸು, ಉಳಿದ ದುಡ್ಡಿನಲ್ಲಿ ಕಿಟಕಿಯ ಕೂಲರ್‌ಗೆ ಹೊಸ ಪ್ಯಾಡ್ ತಗೋ ಅಂದೆ. ರೂಮು ತಂಪಾಗುವುದು ಅದರಿಂದ.